ಡ್ರಮ್ಮಿಗೆ ಉಸಿರಾಟ ಕಲಿಸಿದ್ದು

ಗುಜರಿ ಅಂಗಡಿಯಲ್ಲಿ ನಾನು ಮೊದಲು ಕೈಯಿಟ್ಟಿದ್ದು ನೀಲಿ ಬಣ್ಣದ ಒಂದು ಡ್ರಮ್ಮಿನ ಮೇಲೆ. ತಗ್ಗಿಲ್ಲ, ತುಕ್ಕಿಲ್ಲ, ಬೆಲೆಯೂ ಕಡಿಮೆ. ಮಾಂಸಕ್ಕೆ ಹೊಗೆ ಕೊಡುವ ಒಲೆ ಮಾಡಿಕೊಳ್ಳುತ್ತೇನೆ ಎಂದು ಹೇಳಿದ್ದೇ ತಡ, ಅಂಗಡಿಯವನು ಅದನ್ನು ಹಿಂದಕ್ಕೆ ಉರುಳಿಸಿಬಿಟ್ಟ. “ಒಳಗೆ ಏನು ತುಂಬಿದ್ದರೋ ನನಗೇ ಗೊತ್ತಿಲ್ಲ ಸಾರ್. ಬಾಯಿಗೆ ಹೋಗುವ ಕೆಲಸಕ್ಕೆ ಇದು ಬೇಡ” ಎಂದ. ಅವನ ಮಾತಿನಿಂದ ನನ್ನ ಕೆಲಸ ಎರಡು ವಾರ ಹಿಂದೆ ಬಿತ್ತು. ಆಗ ಸಿಟ್ಟು ಬಂದಿತ್ತು, ಈಗ ಇಲ್ಲ.

ಕೊನೆಗೆ ಹಾಸನದಿಂದ ಬಂದದ್ದು ಮಾವಿನ ತಿರುಳಿನ ಡ್ರಮ್. ಈ ತಿರುಳನ್ನು ಡ್ರಮ್ಮಿಗೆ ನೇರವಾಗಿ ಸುರಿಯುವುದಿಲ್ಲ. ಕ್ರಿಮಿರಹಿತ ಚೀಲದಲ್ಲಿ ತುಂಬಿ, ಆ ಚೀಲವನ್ನು ಡ್ರಮ್ಮಿನೊಳಗೆ ಇಳಿಸಿರುತ್ತಾರೆ. ಹಾಗಾಗಿ ಒಳಗೆಲ್ಲ ಚೊಕ್ಕ. ಇನ್ನೊಂದು ಅನುಕೂಲವೆಂದರೆ ಬಾಯಿ ಪೂರ್ತಿ ತೆರೆದಿರುತ್ತದೆ, ಮುಚ್ಚಳವನ್ನು ಬಿಗಿಯಲು ರಿಂಗ್ ಇರುತ್ತದೆ. ಬಾಯಿ ಮುಚ್ಚಿದ ಡ್ರಮ್ಮನ್ನು ಗ್ರೈಂಡರ್‌ನಲ್ಲಿ ಕತ್ತರಿಸಲು ಹೋಗಿ, ಒಳಗೆ ಉಳಿದಿದ್ದ ಆವಿಗೆ ಕಿಡಿ ತಾಗಿ ಸಿಡಿದು ಜನ ಸತ್ತದ್ದುಂಟು. ಅಂಥ ಕೆಲಸಕ್ಕೆ ಕೈ ಹಾಕಬೇಡಿ. ತಿರುಳಿನ ಡ್ರಮ್ಮುಗಳು ಬಾಯಿಯಿಂದ ತಳಕ್ಕೆ ಸ್ವಲ್ಪ ಕಿರಿದಾಗುತ್ತಾ ಹೋಗುತ್ತವೆ, ಖಾಲಿಯಾದಾಗ ಒಂದರೊಳಗೊಂದು ಕೂರಲಿ ಎಂದು. ನನ್ನದು ಇನ್ನೂರು ಲೀಟರಿನ ಮೇಲೆ ಹಿಡಿಯುವಂಥದ್ದು. 1,100 ರೂಪಾಯಿ ಕೊಟ್ಟೆ.

ಈ ಹುಚ್ಚು ಹತ್ತಿಸಿದವನು ಟೆಕ್ಸಾಸ್‌ನಲ್ಲಿ ನೆಲೆಸಿರುವ ನನ್ನ ಭಾವಮೈದುನ. ಅವನ ಮನೆಗೆ ಹೋಗಿದ್ದಾಗ ಹಿತ್ತಲಿನಲ್ಲಿ ಇಂಥದೊಂದು ಡ್ರಮ್ ನಿಂತಿತ್ತು. ಅಲ್ಲಿನವರು ಇದನ್ನು ‘ಅಗ್ಲಿ ಡ್ರಮ್ ಸ್ಮೋಕರ್’ ಎಂದೇ ಕರೆಯುತ್ತಾರೆ. ರೂಪವಿಲ್ಲ, ಕೆಲಸವಿದೆ. ತಳದಲ್ಲಿ ಇದ್ದಿಲಿನ ಬುಟ್ಟಿ, ಅದರಿಂದ ಎರಡು ಅಡಿ ಮೇಲೆ ಮಾಂಸ ಇಡುವ ಜಾಲರಿ, ಕೆಳಗೆ ಗಾಳಿ ಬರಲು ತೂತು, ಮುಚ್ಚಳದಲ್ಲಿ ಹೊಗೆ ಹೋಗಲು ತೂತು. ಇಷ್ಟೇ. ಜಮೈಕಾದಲ್ಲಿ ಡ್ರಮ್ಮನ್ನು ಉದ್ದಕ್ಕೆ ಸೀಳಿ, ಅಡ್ಡ ಮಲಗಿಸಿ ಜರ್ಕ್ ಚಿಕನ್ ಸುಡುತ್ತಾರಲ್ಲ, ಅದು ಬೇರೆ ಜಾತಿ. ಇದು ನಿಂತೇ ಬೇಯಿಸುವ ಡ್ರಮ್.

ನೋಡಿದಾಗ ನನಗೆ ಹೊಸದೇನೂ ಅನ್ನಿಸಲಿಲ್ಲ. ನಮ್ಮ ಹಳೆಯ ಮನೆಯಲ್ಲಿ ಒಲೆಯ ಮೇಲಿನ ಅಟ್ಟದಿಂದ ಉಪ್ಪು ಹಚ್ಚಿದ ಹಂದಿ ಮಾಂಸ ನೇತಾಡುತ್ತಿತ್ತು. ಮಳೆಗಾಲವಿಡೀ ಅದಕ್ಕೆ ಹೊಗೆಯೇ ಕಾವಲು. ಹೊಗೆಯ ಬಗ್ಗೆ ನನಗೆ ಯಾರೂ ಹೇಳಿಕೊಡಬೇಕಿಲ್ಲ ಎಂಬ ಜಂಬ ಬಂದದ್ದು ಅಲ್ಲಿಂದಲೇ.

ಮೊದಲ ಕೆಲಸ ಸುಡುವುದು. ಡ್ರಮ್ಮಿನ ಒಳಮೈಗೆ ತುಕ್ಕು ಹಿಡಿಯದಂತೆ ತೆಳುವಾದ ಲೇಪ ಇತ್ತು. ಬಿಸಿಯಾದರೆ ಅದು ಮಾಂಸಕ್ಕೆ ಇಳಿಯುತ್ತದೆ. ಮುಚ್ಚಳದ ರಬ್ಬರ್ ಪಟ್ಟಿ ಕಿತ್ತೆಸೆದು, ತೋಟದ ಅಂಚಿನಲ್ಲಿ ಡ್ರಮ್ ನಿಲ್ಲಿಸಿ, ಒಣಗಿದ ಸೌದೆ ತುಂಬಿ ಎರಡು ಗಂಟೆ ಧಗಧಗ ಉರಿಸಿದೆ. ಹೊರಗಿನ ಬಣ್ಣವೂ ಹಪ್ಪಳದಂತೆ ಎದ್ದಿತು. ಆ ಹೊಗೆಯ ಎದುರಿಗೆ ನಿಲ್ಲಬಾರದು, ಗಾಳಿ ನಮ್ಮ ಬೆನ್ನಿಗೆ ಬೀಸುವಂತೆ ನಿಂತುಕೊಳ್ಳಬೇಕು. ಆಮೇಲೆ ತಂತಿ ಬ್ರಷ್ ಹಾಕಿ ಉಜ್ಜಿದ್ದು ಅರ್ಧ ದಿನ, ತೋಳು ನೋವು ಮೂರು ದಿನ.

ಬುಟ್ಟಿಗೆಂದು ನಾನು ಕೊಂಡು ಹೋದದ್ದು ಹೊಳೆಯುವ ಜಿ.ಐ. ಜಾಲರಿ. ವೆಲ್ಡಿಂಗ್ ಅಂಗಡಿಯ ಹುಡುಗ ನೋಡಿದವನೇ ಪಕ್ಕಕ್ಕಿಟ್ಟ. “ಇದಕ್ಕೆ ಸತುವಿನ ಲೇಪ ಇದೆ ಅಣ್ಣ. ಇದನ್ನು ಬೆಸೆದ ರಾತ್ರಿ ನನಗೆ ಚಳಿಜ್ವರ ಬರುತ್ತದೆ. ನೀವು ಇದರಲ್ಲಿ ಕೆಂಡ ಇಡುತ್ತೀರಾ?” ಎಂದ. ಅವನು ಹೇಳಿದ್ದು ನಿಜ. ಸತುವಿನ ಹೊಗೆ ಕುಡಿದ ವೆಲ್ಡರ್‌ಗಳಿಗೆ ಜ್ವರ ಬರುವುದು ಹಳೆಯ ಕಥೆ. ಲೇಪವಿಲ್ಲದ ಕಬ್ಬಿಣದ ವಜ್ರಾಕಾರದ ಜಾಲರಿಯಲ್ಲಿ ಒಂದಡಿ ಅಗಲದ ಬುಟ್ಟಿ ಕಟ್ಟಿಸಿದೆ. ಕೆಳಗೆ ಮೂರು ಇಂಚಿನ ಕಾಲು, ಅದರ ಅಡಿಗೆ ಬೂದಿ ಹಿಡಿಯಲು ಹಳೆಯ ತಟ್ಟೆ. ಮಾಂಸದ ಜಾಲರಿಯನ್ನು ಸ್ಟೀಲ್ ಸರಳಿನಲ್ಲಿ ಮಾಡಿಸಿ, ಡ್ರಮ್ಮಿನ ಗೋಡೆಗೆ ಹಾಕಿದ ನಾಲ್ಕು ಬೋಲ್ಟ್‌ಗಳ ಮೇಲೆ ಕೂರಿಸಿದೆ. ಡ್ರಮ್ ಕೆಳಗೆ ಕಿರಿದಾಗುವುದರಿಂದ ಬಾಯಿಯ ಅಳತೆ ಕೊಟ್ಟರೆ ಜಾಲರಿ ಅರ್ಧಕ್ಕೇ ಸಿಕ್ಕಿಹಾಕಿಕೊಳ್ಳುತ್ತದೆ. ನನ್ನದೂ ಸಿಕ್ಕಿಹಾಕಿಕೊಂಡಿತು.

ಇನ್ನು ತೂತುಗಳು. ಭಾವಮೈದುನ ಫೋನಿನಲ್ಲಿ “ತಳದಿಂದ ಎರಡು ಇಂಚು ಮೇಲೆ ಮುಕ್ಕಾಲು ಇಂಚಿನ ಮೂರು ತೂತು ಸಾಕು ಭಾವ. ಒಂದಕ್ಕೆ ಗಾಳಿ ಹೆಚ್ಚು ಕಡಿಮೆ ಮಾಡಲು ಬಾಲ್ ವಾಲ್ವ್, ಎರಡಕ್ಕೆ ಮುಚ್ಚಳ” ಎಂದಿದ್ದ. ನಾನು ಐದು ಕೊರೆದೆ. ಬೆಂಕಿಗೆ ಗಾಳಿ ಕಡಿಮೆ ಬೀಳಬಾರದು ಎಂಬ ಒಲೆಯ ಬುದ್ಧಿ.

ಮೊದಲ ಭಾನುವಾರ ಕೋಳಿ ಇಟ್ಟೆ. ಇದ್ದಿಲು ಪೂರ್ತಿ ಕೆಂಪಾಗಿಸಿಯೇ ಬುಟ್ಟಿಗೆ ಸುರಿದಿದ್ದೆ. ಬೇಕಾಗಿದ್ದುದು 110ರಿಂದ 130 ಡಿಗ್ರಿ ಸೆಲ್ಸಿಯಸ್. ಇಪ್ಪತ್ತು ನಿಮಿಷದಲ್ಲಿ ಶಾಖ ಮಾಪಕದ ಮುಳ್ಳು 190 ದಾಟಿತು. ಗಾಬರಿಯಾಗಿ ಎಲ್ಲ ತೂತುಗಳನ್ನೂ ಮುಚ್ಚಿದೆ, ಮುಚ್ಚಳದ ತೂತಿಗೂ ಬಟ್ಟೆ ತುರುಕಿದೆ. ತಪ್ಪಿದ್ದು ಅಲ್ಲಿಯೇ. ಉಸಿರು ಕಟ್ಟಿದ ಬೆಂಕಿ ಆರುವ ಬದಲು ಹೊಗೆಯಾಡತೊಡಗಿತು. ಮುಚ್ಚಳದ ಸಂದಿಯಿಂದ ಹಳದಿ ಮಿಶ್ರಿತ ದಪ್ಪ ಬಿಳಿ ಹೊಗೆ, ಹಸಿ ಸೌದೆಯ ಒಲೆಯಲ್ಲಿ ಏಳುತ್ತದಲ್ಲ, ಅಂಥದ್ದು. ಎರಡು ಗಂಟೆ ಬಿಟ್ಟು ತೆಗೆದಾಗ ಕೋಳಿಯ ಬಣ್ಣ ಬಲು ಚೆನ್ನಾಗಿತ್ತು. ಬಾಯಿಗಿಟ್ಟರೆ ಕಹಿ, ನಾಲಿಗೆಯ ತುದಿ ಜೋಮು ಹಿಡಿಯಿತು. ಸರಿಯಾಗಿ ಉರಿಯದ ಹೊಗೆಯಲ್ಲಿರುವ ಟಾರಿನಂಥ ಅಂಟು ಮಾಂಸದ ಮೇಲೆ ಕೂತಿತ್ತು.

ಅಮ್ಮ ಒಂದು ಎಳೆ ಕಿತ್ತು ಬಾಯಿಗೆ ಹಾಕಿಕೊಂಡು ತಟ್ಟೆಯನ್ನು ಆಚೆಗೆ ಸರಿಸಿದಳು. “ಅಟ್ಟಕ್ಕೆ ಕಟ್ಟುತ್ತಿದ್ದದ್ದು ಹೊಗೆ ಹಾದು ಹೋಗಲಿ ಎಂದು. ಹೆಂಚಿನ ಸಂದಿಯಲ್ಲಿ ಹೊರಗೆ ಹೋಗುತ್ತಿತ್ತು. ನೀನು ಅದನ್ನು ಕೂಡಿ ಹಾಕಿದ್ದೀಯಲ್ಲೋ” ಎಂದಳು. ಕೋಳಿ ನಾಯಿಗೂ ಬೇಡವಾಯಿತು.

ಅವಳು ಹೇಳಿದ್ದನ್ನೇ ಭಾವಮೈದುನ ರಾತ್ರಿ ಇಂಗ್ಲಿಷಿನಲ್ಲಿ ಹೇಳಿದ. ಮೇಲಿನ ತೂತು ಯಾವಾಗಲೂ ತೆರೆದೇ ಇರಬೇಕು, ಹಿಡಿತವೆಲ್ಲ ಕೆಳಗಿನ ತೂತುಗಳಲ್ಲಿ. ಡ್ರಮ್ಮಿಗೆ ಎಷ್ಟು ಇದ್ದಿಲು ಹಾಕುತ್ತೀರಿ ಎನ್ನುವುದು ಎಷ್ಟು ಹೊತ್ತು ಉರಿಯುತ್ತದೆ ಎಂಬುದನ್ನು ಹೇಳುತ್ತದೆ, ಎಷ್ಟು ಬಿಸಿಯಾಗುತ್ತದೆ ಎಂಬುದನ್ನಲ್ಲ. ಅದು ಗಾಳಿಯ ಲೆಕ್ಕ. ನಾನು ಅಲ್ಲಿಯವರೆಗೆ ಬೆಂಕಿಗೆ ಒಲೆ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ.

ಎರಡು ತೂತುಗಳಿಗೆ ಖಾಯಂ ಬೋಲ್ಟ್ ಬಿಗಿದೆ. ಆದರೂ ಶಾಖ ಇಳಿಯಲಿಲ್ಲ. ಕತ್ತಲಾದ ಮೇಲೆ ಮುಚ್ಚಳದ ಸುತ್ತ ಊದುಬತ್ತಿ ಹಿಡಿದು ನೋಡಿದರೆ ರಬ್ಬರ್ ಕಿತ್ತ ಜಾಗದಲ್ಲಿ ಹೊಗೆ ಅತ್ತಿತ್ತ ಓಲಾಡುತ್ತಿತ್ತು. ಸಂದಿಗೆ ತುಂಬಲು ಹಗ್ಗ ಕೇಳಿದಾಗ ಒಂದು ಅಂಗಡಿಯಲ್ಲಿ ಕಲ್ನಾರಿನದು, ಅಂದರೆ ಆಸ್ಬೆಸ್ಟಾಸ್‌ನದು, ತೋರಿಸಿದರು. ಪುಪ್ಪುಸಕ್ಕೆ ಹೋದರೆ ಕ್ಯಾನ್ಸರ್ ತರುವ ವಸ್ತು ಅದು. ಬೇಡವೆಂದು ಗಾಜಿನ ನಾರಿನ ಹಗ್ಗ ತಂದು ಮುಚ್ಚಳದ ತೋಡಿನಲ್ಲಿ ಕೂರಿಸಿದೆ. ರಿಂಗ್ ಬಿಗಿದರೆ ಈಗ ಎಲ್ಲಿಯೂ ಸೋರುವುದಿಲ್ಲ.

ಬೆಂಕಿ ಹಚ್ಚುವ ಕ್ರಮವನ್ನೂ ಬದಲಿಸಿದೆ. ಅಮೆರಿಕದಲ್ಲಿ ಜಿಮ್ ಮಿನಿಯನ್ ಎಂಬುವರ ಹೆಸರಿನಿಂದ ಕರೆಯುವ ವಿಧಾನ: ಬುಟ್ಟಿಯ ತುಂಬ ಹಚ್ಚದ ಇದ್ದಿಲು, ನಡುವೆ ಒಂದು ಕುಳಿ, ಅದರಲ್ಲಿ ಹತ್ತು ಹನ್ನೆರಡು ಕೆಂಡ ಮಾತ್ರ. ಅವು ನಿಧಾನವಾಗಿ ಅಕ್ಕಪಕ್ಕದವನ್ನು ಹೊತ್ತಿಸುತ್ತಾ ಹೋಗುತ್ತವೆ. ಶಾಖ 95ಕ್ಕೆ ಬಂದಾಗಲೇ ಗಾಳಿ ಕಡಿಮೆ ಮಾಡಲು ಶುರು ಮಾಡಬೇಕು. ಮೇಲೆ ಹೋದ ಡ್ರಮ್ಮನ್ನು ಕೆಳಗಿಳಿಸುವುದು ಕಾಫಿ ತೋಟಕ್ಕೆ ನುಗ್ಗಿದ ಆನೆಯನ್ನು ಹೊರಗೆ ಕಳಿಸಿದಷ್ಟೇ ಸುಲಭ. ಗೋಡೆಗೆ ಹಾಕಿದ ಮಾಪಕವನ್ನೂ ಪೂರ್ತಿ ನಂಬಬಾರದು. ನನ್ನದು ಜಾಲರಿಯ ನಡುವಿಗಿಂತ 15ರಿಂದ 20 ಡಿಗ್ರಿ ಕಡಿಮೆ ತೋರಿಸುತ್ತದೆ.

ಇದ್ದಿಲಿಗೆ ತಿಪಟೂರು ಕಡೆಯ ಕರಟದ್ದು ತರಿಸಿದ್ದೆ. ಹೊಗೆ ಕಡಿಮೆ, ಆದರೆ ಕಾವು ಜೋರು. ಅದಕ್ಕೆ ಮರದ ಇದ್ದಿಲನ್ನು ಅರ್ಧಕ್ಕರ್ಧ ಬೆರೆಸುತ್ತೇನೆ. ಹೊಗೆಗೆ ಕಾಫಿ ಗಿಡದ್ದೇ ಕಟ್ಟಿಗೆ. ಕಸಿಯಲ್ಲಿ, ಅಂದರೆ ಗಿಡ ಸವರುವಾಗ, ಕತ್ತರಿಸಿದ ರೋಬಸ್ಟಾ ಕೊಂಬೆಗಳನ್ನು ಒಂದು ಬೇಸಿಗೆ ಒಣಗಿಸಿ, ಮುಷ್ಟಿಗಾತ್ರದ ನಾಲ್ಕೈದು ತುಂಡನ್ನು ಇದ್ದಿಲಿನ ನಡುವೆ ಹೂತಿಡುತ್ತೇನೆ. ಸೀಬೆಯೂ ಚೆನ್ನ. ನೀಲಗಿರಿ ಮರದ್ದು ಮಾತ್ರ ಹಾಕಬೇಡಿ, ಔಷಧಿ ಅಂಗಡಿಯ ವಾಸನೆ ಬರುತ್ತದೆ. ಹೊಗೆ ಸರಿಯಾಗಿದೆಯೇ ಎಂದು ನೋಡಲು ನಾನು ಮುಚ್ಚಳದ ಮೇಲಿನ ಗಾಳಿಯನ್ನು ನೋಡುತ್ತೇನೆ. ಕಣ್ಣಿಗೆ ಕಂಡೂ ಕಾಣದಂತೆ ತೆಳು ನೀಲಿ ಇದ್ದರೆ ಮಾಂಸ ಇಡುವ ಹೊತ್ತು.

ಆರನೆಯ ಸಲಕ್ಕೆ ಹಂದಿಯ ಹೆಗಲು ಇಟ್ಟೆ. ಅಂಗಡಿಯವನನ್ನು ಒಪ್ಪಿಸುವುದೇ ಕಷ್ಟವಾಯಿತು. ಮೂಳೆಯ ಸಮೇತ ಮೂರು ಕೆ.ಜಿ. ಇಡಿಯಾಗಿ ಬೇಕು ಎನ್ನುವಷ್ಟರಲ್ಲಿ ಅಭ್ಯಾಸಬಲದಿಂದ ಒಂದು ಏಟು ಹಾಕಿಯೇಬಿಟ್ಟಿದ್ದ. ರಾತ್ರಿ ಉಪ್ಪು, ಕರಿಮೆಣಸು, ಸ್ವಲ್ಪ ಬೆಲ್ಲ ಸವರಿ, ಬೆಳಿಗ್ಗೆ ಏಳಕ್ಕೆ ಡ್ರಮ್ಮಿಗೆ ಇಳಿಸಿದೆ. ಬಾಲ್ ವಾಲ್ವ್ ಕಾಲು ಭಾಗ ತೆರೆದು, ಉಳಿದೆರಡು ತೂತು ಮುಚ್ಚಿ 120 ಡಿಗ್ರಿಯಲ್ಲಿ ನಿಲ್ಲಿಸಿದೆ. ಹನ್ನೊಂದೂವರೆಗೆ ಮಾಂಸದ ಒಳಗಿನ ಶಾಖ 68. ಹನ್ನೆರಡೂವರೆಗೂ 68. ಒಂದೂಕಾಲಿಗೆ 69. ಬೆಂಕಿ ಆರಿತೆಂದು ಮುಚ್ಚಳ ತೆಗೆಯಲು ಕೈ ತುರಿಸುತ್ತಿತ್ತು, ತೆಗೆಯಲಿಲ್ಲ. ಬೆವರು ಆರುವಾಗ ಮೈ ತಣ್ಣಗಾಗುತ್ತದಲ್ಲ, ಮಾಂಸಕ್ಕೂ ಅದೇ: ಮೇಲಿನ ತೇವ ಆವಿಯಾಗುತ್ತಾ ಬಂದ ಶಾಖವನ್ನೆಲ್ಲ ಹೊತ್ತೊಯ್ಯುತ್ತದೆ. ಟೆಕ್ಸಾಸ್‌ನಲ್ಲಿ ಆಗ ಕಾಗದದಲ್ಲಿ ಸುತ್ತುತ್ತಾರೆ. ನಾನು ಕೆಂಡದಲ್ಲಿ ಬಾಡಿಸಿದ ಬಾಳೆ ಎಲೆಯನ್ನು ಎರಡು ಪದರ ಸುತ್ತಿ, ಬಾಳೆ ನಾರಿನಲ್ಲೇ ಕಟ್ಟಿದೆ. ನಾಲ್ಕೂವರೆಗೆ 94 ಮುಟ್ಟಿತು. ಹೆಗಲಿನ ಚಪ್ಪಟೆ ಮೂಳೆಯನ್ನು ಎರಡು ಬೆರಳಲ್ಲಿ ಎಳೆದೆ, ಒರೆಯಿಂದ ಕತ್ತಿ ಬಂದಂತೆ ಒಣಗಿ ಶುಭ್ರವಾಗಿ ಬಂತು. ತುಂಡು ಮುರಿದರೆ ಅಂಚಿನಲ್ಲಿ ಗುಲಾಬಿ ಬಣ್ಣದ ಒಂದು ಗೆರೆ, ಹೊಗೆ ತಾಗಿದ ಗುರುತು.

ಅಮ್ಮ ಕಡುಬಿನ ಜೊತೆ ತಿಂದಳು. ಏನೂ ಹೇಳಲಿಲ್ಲ, ಇನ್ನೊಮ್ಮೆ ಬಡಿಸಿಕೊಂಡಳು.

ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗಿಡುತ್ತೇನೆ, ಸುತ್ತ ಗೋಡೆಯಿಲ್ಲ. ಕಾಫಿ ಗೋದಾಮಿನೊಳಗೆ ಇಟ್ಟುಕೊಳ್ಳೋಣವೇ ಎಂಬ ಆಸೆಯಾಗಿತ್ತು. ಇದ್ದಿಲಿನಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ, ಮುಚ್ಚಿದ ಜಾಗದಲ್ಲಿ ಜೀವ ತೆಗೆಯುತ್ತದೆ. ಹಾಗಾಗಿ ನೆನೆದುಕೊಂಡೇ ಕಾಯುತ್ತೇನೆ.

ಈ ವರ್ಷ ಜುಲೈನಲ್ಲಿ ಡ್ರಮ್ ಮತ್ತೆ ಹಳೆಯ ಚಾಳಿ ಹಿಡಿಯಿತು. ವಾಲ್ವ್ ಪೂರ್ತಿ ಮುಚ್ಚಿದರೂ 150ರಿಂದ ಇಳಿಯುತ್ತಿರಲಿಲ್ಲ. ಎರಡು ಭಾನುವಾರ ಹಗ್ಗ, ರಿಂಗ್, ಬೋಲ್ಟ್ ಎಲ್ಲವನ್ನೂ ಅನುಮಾನಿಸಿದೆ. ಕೊನೆಗೆ ಮಗುಚಿ ಹಾಕಿ ನೋಡಿದರೆ, ತಟ್ಟೆಯಿಂದ ಚೆಲ್ಲಿದ ಬೂದಿ ತೇವ ಹಿಡಿದುಕೊಂಡು ತಳದ ಅಂಚನ್ನು ತಿಂದುಹಾಕಿತ್ತು. ಕಿರುಬೆರಳು ತೂರುವಷ್ಟು ದೊಡ್ಡ ತೂತು. ಹೊಸ ಡ್ರಮ್ಮಿಗೆ ಗುಜರಿಯವನಿಗೆ ಹೇಳಿಟ್ಟಿದ್ದೇನೆ. ಬುಟ್ಟಿ, ಜಾಲರಿ, ವಾಲ್ವ್, ಹಗ್ಗ ಎಲ್ಲ ಹಳೆಯದರಿಂದಲೇ ಬಿಚ್ಚಿ ಹಾಕಬಹುದು. ಈ ಸಲ ತೂತು ಮೂರೇ.