ಹೆಬ್ಬೆರಳ ನೋವು ಕಲಿಸಿದ ಕ್ರಮ: ಮನೆಯಲ್ಲಿ ವಿಡಿಯೋ ಗೇಮ್ ಆಡುವ ನನ್ನ ಅನುಭವ

ಎರಡು ವರ್ಷದ ಹಿಂದಿನ ಮಳೆಗಾಲದ ಒಂದು ಬೆಳಿಗ್ಗೆ ಹಾಲಿನ ಪಾತ್ರೆಯನ್ನು ಒಲೆಯಿಂದ ಇಳಿಸಲು ಹೋದಾಗ, ನನ್ನ ಬಲಗೈ ಹೆಬ್ಬೆರಳ ಬುಡದಿಂದ ಮಣಿಕಟ್ಟಿನವರೆಗೆ ಚಳಕು ಹೊಡೆದು ಪಾತ್ರೆ ಕೈಜಾರಿತು. ಅದಕ್ಕೆ ಮೊದಲಿನ ಮೂರು ವಾರ ಶಿವಮೊಗ್ಗದಲ್ಲಿ ಹೊರಗೆ ಕಾಲಿಡಲಾಗದಂಥ ಮಳೆ ಹಿಡಿದಿತ್ತು. ಸಂಜೆಯ ನಡಿಗೆ ತಪ್ಪಿದ್ದರಿಂದ ನಾನು ಪ್ರತಿ ರಾತ್ರಿ ಎರಡು ಗಂಟೆಗೆ ಕಡಿಮೆಯಿಲ್ಲದಂತೆ ಟಿವಿಯ ಮುಂದೆ ಕುಳಿತು ಫುಟ್‌ಬಾಲ್ ಗೇಮ್ ಆಡುತ್ತಿದ್ದೆ. ಆಟಕ್ಕೂ ನೋವಿಗೂ ಸಂಬಂಧವಿರಬಹುದೆಂಬ ಯೋಚನೆ ಆಗ ಬಂದಿರಲಿಲ್ಲ.

ಮೂಳೆ ವೈದ್ಯರು ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿ, ಅದರ ಮೇಲೆ ಮುಷ್ಟಿ ಹಿಡಿದು, ಮುಷ್ಟಿಯನ್ನು ಕಿರುಬೆರಳ ಕಡೆಗೆ ನಿಧಾನವಾಗಿ ಬಾಗಿಸಲು ಹೇಳಿದರು. ಅರ್ಧ ಬಾಗಿಸುವಷ್ಟರಲ್ಲಿ ಜೀವ ಹೋದಂತಾಯಿತು. “ಮನೇಲಿ ಎಳೇ ಕೂಸು ಇದೆಯಾ?” ಎಂದು ಅವರು ಕೇಳಿದಾಗ ನನಗೆ ಅರ್ಥವಾಗಲಿಲ್ಲ. ಕೂಸನ್ನು ಪದೇ ಪದೇ ಎತ್ತಿಕೊಳ್ಳುವ ತಾಯಂದಿರಲ್ಲಿ ಇದು ಹೆಚ್ಚಾಗಿ ಕಾಣಿಸುತ್ತದೆಯಂತೆ. ಹೆಬ್ಬೆರಳನ್ನು ಚಾಚುವ ಎರಡು ಸ್ನಾಯುರಜ್ಜುಗಳು ಮಣಿಕಟ್ಟಿನ ಬಳಿ ಒಂದೇ ಇಕ್ಕಟ್ಟಾದ ಪೊರೆಯೊಳಗೆ ಹಾದುಹೋಗುತ್ತವೆ. ಒಂದೇ ಚಲನೆಯನ್ನು ಬಿಡುವಿಲ್ಲದೆ ಮಾಡಿದರೆ ಆ ಪೊರೆ ದಪ್ಪವಾಗಿ, ರಜ್ಜುಗಳು ಸಲೀಸಾಗಿ ಜಾರದೆ ನೋಯುತ್ತವೆ. 1895ರಲ್ಲಿ ಇದನ್ನು ವಿವರಿಸಿದ ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಫ್ರಿಟ್ಜ್ ಡಿ ಕ್ವೆರ್ವೇನ್ ಅವರ ಹೆಸರಿನಿಂದಲೇ ಇದನ್ನು ಕರೆಯುತ್ತಾರೆ. ನಾನು ಐದು ವಾರ ಹೆಬ್ಬೆರಳು ಅಲುಗದಂತೆ ಸ್ಪ್ಲಿಂಟ್ ಕಟ್ಟಿಕೊಂಡಿದ್ದೆ, ಆಟವನ್ನು ಪೂರ್ತಿ ಬಿಟ್ಟಿದ್ದೆ.

ನೋವು ಹೋದ ಮೇಲೆ ಮತ್ತೆ ಆಡಲು ಕುಳಿತಾಗ, ಮೊದಲ ಬಾರಿಗೆ ಪರದೆಯನ್ನು ಬಿಟ್ಟು ನನ್ನ ಕೈಯನ್ನೇ ಗಮನಿಸಿದೆ. ಎದುರಾಳಿ ಗೋಲಿನ ಹತ್ತಿರ ಬಂದಾಗಲೆಲ್ಲ, ಗುಂಡಿ ಒತ್ತಿ ಆಟ ನಡೆಸುವ ಕಂಟ್ರೋಲರನ್ನು ಹಿಂಡುವಂತೆ ಹಿಡಿಯುತ್ತಿದ್ದೆ. ದಿವಾನದ ಅಂಚಿನಲ್ಲಿ ಮುಂದಕ್ಕೆ ಬಾಗಿ ಕೂರುತ್ತಿದ್ದುದರಿಂದ ಮೊಣಕೈಗಳಿಗೆ ಯಾವ ಆಸರೆಯೂ ಇರಲಿಲ್ಲ, ತೋಳಿನ ಭಾರವೆಲ್ಲ ಮಣಿಕಟ್ಟಿನ ಮೇಲೆ ಬೀಳುತ್ತಿತ್ತು. ಈಗ ಬೆನ್ನಿಗೆ ಒರಗುವಂಥ ಕುರ್ಚಿಯಲ್ಲಿ, ಪಾದಗಳು ನೆಲಕ್ಕೆ ಪೂರ್ತಿ ತಾಗುವಂತೆ ಕುಳಿತು, ತೊಡೆಯ ಮೇಲೆ ದಿಂಬಿಟ್ಟು ಅದರ ಮೇಲೆ ಮುಂಗೈ ಊರುತ್ತೇನೆ. ಇದಕ್ಕಿಂತ ಹೆಚ್ಚು ನೆರವಾದದ್ದು ಗೇಮಿನ ಸೆಟ್ಟಿಂಗ್ಸ್. ಆಟಗಾರನನ್ನು ಓಡಿಸಲು ಸದಾ ಒತ್ತಬೇಕಾದ ಗುಂಡಿಯನ್ನು ಹೆಬ್ಬೆರಳಿನಿಂದ ತೆಗೆದು ತೋರುಬೆರಳಿನ ಗುಂಡಿಗೆ ವರ್ಗಾಯಿಸಿದೆ. ಈಗಿನ ಬಹುತೇಕ ಗೇಮ್‌ಗಳಲ್ಲಿ ಈ ಅನುಕೂಲ ಇದ್ದರೂ ಅದನ್ನು ಬಳಸುವವರನ್ನು ನಾನು ಕಂಡದ್ದು ಕಡಿಮೆ. ರೂಢಿಯಾಗಲು ಒಂದು ವಾರ ಹಿಡಿಯಿತು, ನೋವು ಮರಳಿಲ್ಲ.

ಮಗನ ವಿಷಯ ಬೇರೆಯೇ ಆಗಿತ್ತು. ಪಿಯುಸಿ ಮೊದಲ ವರ್ಷದಲ್ಲಿದ್ದ ಅವನು ಹಾಸಿಗೆಯ ಮೇಲೆ ಬೋರಲು ಮಲಗಿ, ಚಾರ್ಜರ್ ಚುಚ್ಚಿದ ಮೊಬೈಲನ್ನು ದಿಂಬಿಗೆ ಒರಗಿಸಿಕೊಂಡು ಬಿಜಿಎಂಐ ಎಂಬ, ತಂಡ ಕಟ್ಟಿ ಗುಂಡು ಹಾರಿಸುವ ಆನ್‌ಲೈನ್ ಗೇಮ್ ಆಡುತ್ತಿದ್ದ. ಚಾರ್ಜ್ ಆಗುತ್ತಲೇ ಗೇಮ್ ನಡೆಸುವ ಮೊಬೈಲ್ ಎರಡು ಕಡೆಯಿಂದ ಬಿಸಿಯಾಗುತ್ತದೆ, ದಿಂಬಿನಲ್ಲಿ ಹುದುಗಿದರೆ ಆ ಬಿಸಿ ಹೊರಗೆ ಹೋಗಲು ದಾರಿಯಿರುವುದಿಲ್ಲ. ಬ್ಯಾಟರಿಗೆ ಇದಕ್ಕಿಂತ ಕೆಟ್ಟದ್ದಿಲ್ಲ. ಚಾರ್ಜರನ್ನು ಅಂದೇ ಹಾಲ್‌ನ ಗೋಡೆ ಗೂಡಿಗೆ ಸಾಗಿಸಿದೆ, ಮಂಚದಿಂದ ಮೇಜಿಗೆ ಅವನನ್ನು ಬರಿಸಲು ಇನ್ನೂ ಕೆಲವು ದಿನ ಬೇಕಾಯಿತು. ನಿಜವಾಗಿ ಕಷ್ಟವಾದದ್ದು ಸಮಯದ ವಿಷಯ.

ಅವನು ಆಡತೊಡಗಿದ ಒಂದು ಗಂಟೆಗೆ ಹೊಡೆಯುವಂತೆ ನಾನು ಅಲಾರಂ ಇಡುತ್ತಿದ್ದೆ. ಅದು ಹೊಡೆದುಕೊಂಡಾಗಲೆಲ್ಲ ಜಗಳ. ನನ್ನ ಹೆಂಡತಿ ಊಟಕ್ಕೆ ಕರೆದರೆ “ಅಮ್ಮಾ, ಐದೇ ನಿಮಿಷ” ಎನ್ನುವ ಉತ್ತರ, ಅರ್ಧ ಗಂಟೆಯ ನಂತರ ಆರಿದ ಸಾರು. ಇದು ಚಟವೇ ಇರಬೇಕೆಂದು ಅವಳು ಹೆದರಿದ್ದಳು. ವಿಶ್ವ ಆರೋಗ್ಯ ಸಂಸ್ಥೆ ಗೇಮಿಂಗ್ ಚಟವನ್ನು 2019ರಲ್ಲಿ ರೋಗಗಳ ವರ್ಗೀಕರಣಕ್ಕೆ ಸೇರಿಸಿದಾಗ ಕೊಟ್ಟ ಲಕ್ಷಣಗಳನ್ನು ಇಬ್ಬರೂ ಕುಳಿತು ಓದಿದೆವು. ಅಲ್ಲಿ ಗಂಟೆಗಳ ಲೆಕ್ಕವಿಲ್ಲ. ಹಿಡಿತ ತಪ್ಪುವುದು, ಉಳಿದೆಲ್ಲ ಕೆಲಸ ಮತ್ತು ಆಸಕ್ತಿಗಳಿಗಿಂತ ಆಟವೇ ಮುಂದಾಗುವುದು, ಹಾನಿಯಾಗುತ್ತಿದ್ದರೂ ಮುಂದುವರಿಸುವುದು, ಇವು ಸಾಮಾನ್ಯವಾಗಿ 12 ತಿಂಗಳು ಕಾಣಬೇಕು. ಮಗ ಓದು ಬಿಟ್ಟಿರಲಿಲ್ಲ, ಗೆಳೆಯರೊಂದಿಗೆ ಶಟಲ್ ಆಡುವುದನ್ನೂ ಬಿಟ್ಟಿರಲಿಲ್ಲ. ಬಿಟ್ಟಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಗೇಮ್‌ಗಳ ಅತಿ ಬಳಕೆಗೆ ಚಿಕಿತ್ಸೆ ಕೊಡಲು 2014ರಿಂದ ನಡೆಯುತ್ತಿರುವ ‘ಷಟ್’ ಕ್ಲಿನಿಕ್ಕಿಗೆ ಕರೆದೊಯ್ಯುವುದೆಂದು ಮಾತಾಡಿಕೊಂಡಿದ್ದೆವು.

ಒಂದು ಭಾನುವಾರ ಅವನ ಪಕ್ಕದಲ್ಲಿ ಕುಳಿತು ಪೂರ್ತಿ ಆಟ ನೋಡಿದೆ. ನಾಲ್ವರ ತಂಡ, ದೊಡ್ಡ ಮ್ಯಾಪಿನಲ್ಲಿ ಕೊನೆಯವರೆಗೆ ಉಳಿದರೆ ಒಂದು ಮ್ಯಾಚಿಗೆ ಹೆಚ್ಚುಕಡಿಮೆ ಅರ್ಧ ಗಂಟೆ. “ಅಪ್ಪಾ, ಮಧ್ಯದಲ್ಲಿ ನಿಲ್ಲಿಸಕ್ಕೆ ಆಗಲ್ಲ. ನಾನು ಎದ್ದು ಬಂದ್ರೆ ಉಳಿದ ಮೂರು ಜನ ಸೋಲ್ತಾರೆ” ಎಂದ. ಅವನ ಮಾತಿನಲ್ಲಿ ನ್ಯಾಯವಿತ್ತು. ನನ್ನ ಅಲಾರಂ ಪ್ರತಿ ಸಲವೂ ಮ್ಯಾಚಿನ ನಡುವೆಯೇ ಹೊಡೆದುಕೊಳ್ಳುತ್ತಿತ್ತು, ಅವನು ಅಪ್ಪನ ಮಾತನ್ನು ಇಲ್ಲವೇ ಗೆಳೆಯರನ್ನು ಕೈಬಿಡಬೇಕಾಗುತ್ತಿತ್ತು. ಅಂದಿನಿಂದ ನಿಮಿಷಗಳನ್ನು ಬಿಟ್ಟು ಮ್ಯಾಚುಗಳನ್ನು ಎಣಿಸತೊಡಗಿದೆವು: ಕಾಲೇಜಿನ ದಿನ ಎರಡು, ರಜೆಯಲ್ಲಿ ನಾಲ್ಕು, ರಾತ್ರಿ ಎಂಟೂವರೆಯ ನಂತರ ಹೊಸ ಮ್ಯಾಚ್ ಶುರು ಮಾಡುವಂತಿಲ್ಲ. ಸರ್ಕಾರದ ತಡೆ ತೆರವಾಗಿ ಆ ಗೇಮ್ 2023ರಲ್ಲಿ ಭಾರತಕ್ಕೆ ಮರಳಿದಾಗ 18ರ ಒಳಗಿನವರಿಗೆ ದಿನಕ್ಕೆ 3 ಗಂಟೆಯ ಮಿತಿ ಹಾಕಲಾಗಿತ್ತು. ಓದುವ ಹುಡುಗನಿಗೆ ಅದೂ ಅತಿಯೆಂದೇ ನನ್ನ ಅಭಿಪ್ರಾಯ. ಒಂದು ಮ್ಯಾಚ್ ಮುಗಿದ ಮೇಲೆ ಎದ್ದು, ನೀರು ಕುಡಿದು, ಹಿತ್ತಲಿನ ತೆಂಗಿನಮರದ ತುದಿಯನ್ನು ಸ್ವಲ್ಪ ಹೊತ್ತು ನೋಡಿ ಬರಬೇಕೆಂಬುದು ಇನ್ನೊಂದು ಕರಾರು. ಪರದೆಯನ್ನು ದಿಟ್ಟಿಸುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ಪ್ರತಿ 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಿ ಎಂದು ಕಣ್ಣಿನ ವೈದ್ಯರು ಹೇಳುವುದನ್ನು ಆಟದ ಬಿಡುವಿಗೆ ಹೊಂದಿಸಿಕೊಂಡೆವು. ಎರಡು ತಿಂಗಳಲ್ಲಿ ಅಲಾರಂ ಬೇಡವಾಯಿತು.

ಹೆಡ್‌ಫೋನ್ ಹಾಕಿಕೊಂಡಾಗ ಪಕ್ಕದಲ್ಲಿ ನಿಂತು ಕರೆದರೆ ಕೇಳಿಸುವಷ್ಟೇ ಸದ್ದು ಇರಬೇಕು, ಅಪರಿಚಿತರ ತಂಡದಲ್ಲಿ ಮೈಕ್ ಆಫ್ ಆಗಿರಬೇಕು. ಗೇಮಿನೊಳಗಿನ ಖರೀದಿಗೆ ಪಾಸ್‌ವರ್ಡ್ ನನ್ನ ಬಳಿ ಮಾತ್ರ ಇದೆ. ಗೇಮಿನ ಪಾತ್ರಕ್ಕೆ ತೊಡಿಸುವ ವೇಷವನ್ನು, ಅಂದರೆ ‘ಸ್ಕಿನ್’ ಅನ್ನು, ಉಚಿತವಾಗಿ ಕೊಡುತ್ತೇವೆಂದು ಒಟಿಪಿ ಕೇಳುವವರು ಇರುವುದರಿಂದ, ಸೈಬರ್ ವಂಚನೆಗೆ ದೂರು ಕೊಡುವ 1930 ಸಂಖ್ಯೆಯನ್ನು ಅವನ ಮೊಬೈಲಿನಲ್ಲೂ ಹಾಕಿಟ್ಟಿದ್ದೇನೆ.

ಕಳೆದ ದಸರಾ ರಜೆಗೆ ಅಕ್ಕನ ಮಗಳು ಬಂದಾಗ ಇನ್ನೊಂದು ಪಾಠವಾಯಿತು. ಅವಳಿಗೆ ಹಿಂದೆ ಫಿಟ್ಸ್ ಬಂದಿತ್ತು, ಮಿನುಗುವ ಬೆಳಕಿನಿಂದ ದೂರವಿರಬೇಕೆಂದು ನರರೋಗ ವೈದ್ಯರು ಹೇಳಿದ್ದರು. ಮಿನುಗುವ ದೃಶ್ಯಗಳಿಂದ ಫಿಟ್ಸ್ ಬರಬಹುದೆಂದು ಗೇಮ್ ಶುರುವಾಗುವಾಗ ಬರುವ ಎಚ್ಚರಿಕೆಯ ಪುಟವನ್ನು ನಾವೆಲ್ಲ ಓದದೆ ದಾಟುತ್ತೇವೆ. 1997ರ ಡಿಸೆಂಬರ್‌ನಲ್ಲಿ ಜಪಾನಿನ ಟಿವಿಯಲ್ಲಿ ಪೋಕೆಮಾನ್‌ನ ಒಂದು ಕಂತು ಪ್ರಸಾರವಾದಾಗ, ಕೆಂಪು ನೀಲಿ ಬಣ್ಣಗಳು ವೇಗವಾಗಿ ಮಿನುಗಿದ ದೃಶ್ಯದಿಂದ 600ಕ್ಕೂ ಹೆಚ್ಚು ಜನ, ಬಹುಪಾಲು ಮಕ್ಕಳು, ಆಸ್ಪತ್ರೆ ಸೇರಿದ್ದರೆಂದು ತಿಳಿದ ಮೇಲೆ ನನಗೆ ಆ ಪುಟದ ಬೆಲೆ ಗೊತ್ತಾಯಿತು. ಅಕ್ಕ ವೈದ್ಯರಿಗೆ ಫೋನ್ ಮಾಡಿ ಕೇಳಿದಳು. ಸ್ಫೋಟ, ಮಿಂಚುಗಳಿಲ್ಲದ ನಿಧಾನದ ಆಟವನ್ನು, ಟ್ಯೂಬ್‌ಲೈಟ್ ಹಾಕಿಕೊಂಡು, ಟಿವಿಯಿಂದ ದೂರ ಕುಳಿತು, ನಿದ್ದೆಗೆಟ್ಟಿರದ ದಿನ ಮಾತ್ರ ಆಡಬಹುದೆಂದರು. ಪರದೆ ಹಠಾತ್ತನೆ ಮಿನುಗಿದರೆ ಒಂದು ಕಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿಕೊಂಡು ಮುಖ ತಿರುಗಿಸಬೇಕೆಂದು ಹೇಳಿಕೊಟ್ಟರು. ಎರಡು ಕಣ್ಣುಗಳನ್ನೂ ಬರಿದೆ ಮುಚ್ಚಿದರೆ ರೆಪ್ಪೆಯ ಮೂಲಕವೂ ಬೆಳಕು ಒಳಗೆ ಬರುತ್ತದೆಯಂತೆ. ಮಗ ತನ್ನ ಬಳಿಯಿದ್ದ ಗೇಮ್‌ಗಳನ್ನೆಲ್ಲ ಮೊದಲು ತಾನೇ ಆಡಿ ನೋಡಿ, ಹೊಲ ಉತ್ತು ಬೆಳೆ ತೆಗೆಯುವ ಒಂದು ಆಟವನ್ನು ಅವಳಿಗಾಗಿ ಆರಿಸಿಟ್ಟ. ಹತ್ತು ದಿನ ಅವಳು ಆಡುವಾಗಲೆಲ್ಲ ಹಾಲ್‌ನ ದೀಪವನ್ನು ಯಾರೂ ಆರಿಸಲಿಲ್ಲ.