ಗಿಗಾಹರ್ಟ್ಸ್ ನೋಡಿ ಆರಿಸಬೇಡಿ: ಪೆಂಟಿಯಂ 4 ಮತ್ತು ಅಥ್ಲಾನ್ 64 ತೂಗುವ ಬಗೆ

ಮಲ್ಪೆಯಲ್ಲಿ ನನ್ನ ಮಾವನ ಐಸ್ ಪ್ಲಾಂಟ್ ಇದೆ. ಅಲ್ಲಿಯ ಲೆಕ್ಕದ ತಂತ್ರಾಂಶ ಓಡುವುದು ವಿಂಡೋಸ್ ಎಕ್ಸ್‌ಪಿಯಲ್ಲಿ ಮಾತ್ರ. ಬಿಲ್ ಹೊಡೆಯುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಹಳೆಯ ಪ್ಯಾರಲಲ್ ಪೋರ್ಟ್ ಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆ ಬಿಡುವಿನಲ್ಲಿ ಮಾವ ಎರಡು ಹಳೆಯ ಕಂಪ್ಯೂಟರ್ ಕ್ಯಾಬಿನೆಟ್‌ಗಳನ್ನು ಉಡುಪಿಯ ನಮ್ಮ ಮನೆಗೆ ತಂದಿಳಿಸಿದರು. “ಒಂದನ್ನು ಆರಿಸಿ ಕೊಡು ಮಾರಾಯ. ಮೂರು ಗಿಗಾಹರ್ಟ್ಸಿನದ್ದೇ ಒಳ್ಳೆಯದಲ್ಲವೇ?”

ಅಲ್ಲಿಯೇ ಎಲ್ಲರೂ ಎಡವುವುದು. ಗಿಗಾಹರ್ಟ್ಸ್ ಎಂದರೆ ಪ್ರೊಸೆಸರಿನ ಗಡಿಯಾರ ಸೆಕೆಂಡಿಗೆ ಎಷ್ಟು ಸಲ ಮಿಡಿಯುತ್ತದೆ ಎಂಬ ಅಳತೆ, ಅಷ್ಟೇ. ಒಂದರಲ್ಲಿದ್ದದ್ದು ಇಂಟೆಲ್ ಕಂಪನಿಯ ಪ್ರೊಸೆಸರ್ ಪೆಂಟಿಯಂ 4 630: 3 ಗಿಗಾಹರ್ಟ್ಸ್, 2 ಎಂಬಿ ಕ್ಯಾಶ್ (ಪ್ರೊಸೆಸರಿನೊಳಗಿನ ಚಿಕ್ಕ, ಚುರುಕು ಮೆಮೊರಿ). ಇನ್ನೊಂದರಲ್ಲಿ ಎಎಂಡಿ ಕಂಪನಿಯ ಅಥ್ಲಾನ್ 64 3000+: 1.8 ಗಿಗಾಹರ್ಟ್ಸ್, 512 ಕೆಬಿ ಕ್ಯಾಶ್. ಆ 3000+ ವೇಗವಲ್ಲ, ಮಾದರಿಯ ಹೆಸರು. ಬಂದರಿನಲ್ಲಿ ಮೀನಿನ ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸುವ ಸಾಲನ್ನು ನೆನೆಯಿರಿ. ಪ್ರೊಸೆಸರ್ ಕೂಡ ಒಂದೊಂದು ಆದೇಶವನ್ನು ಹಾಗೆಯೇ ಹಂತ ಹಂತವಾಗಿ ದಾಟಿಸುತ್ತದೆ. ಈ ಪೆಂಟಿಯಂನ ಸಾಲಿನಲ್ಲಿ 31 ಹಂತಗಳಿವೆ, ಅಥ್ಲಾನ್‌ನದರಲ್ಲಿ 12. ಸಾಲು ಉದ್ದವಾದಷ್ಟೂ ಒಬ್ಬೊಬ್ಬರ ಕೆಲಸ ಚಿಕ್ಕದು, ಕೈ ಬೇಗ ಬೇಗ ಆಡುತ್ತದೆ. ಆದರೆ ಬುಟ್ಟಿ ತಪ್ಪಾಗಿ ಹೊರಟಿತೆಂದು ತಿಳಿದರೆ ಅಷ್ಟುದ್ದದ ಸಾಲನ್ನೂ ಖಾಲಿ ಮಾಡಿ ಮತ್ತೆ ತುಂಬಬೇಕು. ಅಥ್ಲಾನ್‌ಗೆ ಇನ್ನೊಂದು ಅನುಕೂಲವೂ ಇದೆ: ಮೆಮೊರಿ ಕಂಟ್ರೋಲರ್ ಪ್ರೊಸೆಸರಿನ ಒಳಗೇ ಇರುವುದರಿಂದ ರ‍್ಯಾಮ್ ತಲುಪಲು ಮದರ್‌ಬೋರ್ಡಿನ ಇನ್ನೊಂದು ಚಿಪ್ಪನ್ನು ಹಾದುಹೋಗಬೇಕಾಗಿಲ್ಲ.

ಹೋಲಿಸುವ ಮೊದಲು ಕ್ಯಾಬಿನೆಟ್ ತೆರೆದು ಕೆಪಾಸಿಟರ್‌ಗಳ (ಬೋರ್ಡಿನ ಮೇಲೆ ನಿಂತಿರುವ ಪುಟ್ಟ ಡಬ್ಬಿಗಳ) ತಲೆ ನೋಡಿ. ಉಬ್ಬಿದ್ದರೆ ಆ ಬೋರ್ಡಿನ ಯಾವ ಫಲಿತಾಂಶವನ್ನೂ ನಂಬಲಾಗದು. ಕಡಲ ಗಾಳಿಗೆ ರ‍್ಯಾಮಿನ ಕಾಲುಗಳು ಮಂಕಾಗಿರುತ್ತವೆ, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ.

ಇನ್ನು ಹೀಟ್‌ಸಿಂಕ್, ಅಂದರೆ ಪ್ರೊಸೆಸರಿನ ಶಾಖ ಹೊರಹಾಕಲು ಅದರ ಮೇಲೆ ಕೂರಿಸಿದ ಲೋಹದ ತುಂಡು. ಇಲ್ಲಿ ಅವಸರ ಬೇಡವೇ ಬೇಡ. ಅಥ್ಲಾನ್‌ನ 939 ಪಿನ್‌ಗಳು ಪ್ರೊಸೆಸರಿನ ಅಡಿಯಲ್ಲೇ ಇವೆ. ಇವೆರಡರ ನಡುವೆ ಶಾಖ ದಾಟಿಸಲು ಹಚ್ಚಿದ ಹಳೆಯ ಥರ್ಮಲ್ ಪೇಸ್ಟ್ ಒಣಗಿ ಅಂಟಾಗಿರುವುದರಿಂದ, ಹೀಟ್‌ಸಿಂಕನ್ನು ನೇರವಾಗಿ ಮೇಲೆತ್ತಿದರೆ ಲಾಕ್ ಹಾಕಿದ್ದರೂ ಪ್ರೊಸೆಸರ್ ಕಿತ್ತು ಜೊತೆಗೇ ಬರುತ್ತದೆ. ನನಗೆ ಹಾಗೆಯೇ ಆಯಿತು. ಮೂಲೆಯ ಎರಡು ಪಿನ್‌ಗಳು ಬಾಗಿದ್ದವು. ಸೀಸ ತೆಗೆದ ಮೆಕ್ಯಾನಿಕಲ್ ಪೆನ್ಸಿಲಿನ ಟೊಳ್ಳು ತುದಿಯನ್ನು ಪಿನ್ನಿಗೆ ತೊಡಿಸಿ, ಉಸಿರು ಬಿಗಿಹಿಡಿದು ನೆಟ್ಟಗೆ ಮಾಡಿದೆ. ನೀವು ಕಂಪ್ಯೂಟರನ್ನು ಹತ್ತು ನಿಮಿಷ ಓಡಿಸಿ ಪೇಸ್ಟ್ ಬೆಚ್ಚಗಾದ ಮೇಲೆ ಸ್ವಿಚ್ ಆರಿಸಿ, ತಂತಿ ಕಿತ್ತು, ಹೀಟ್‌ಸಿಂಕನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ತಿರುಗಿಸಿ, ಸಡಿಲವಾದದ್ದು ಕೈಗೆ ತಿಳಿದ ಮೇಲಷ್ಟೇ ಎತ್ತಿ. ಎರಡಕ್ಕೂ ಒಂದೇ ಟ್ಯೂಬಿನ ಹೊಸ ಪೇಸ್ಟ್ ಹಚ್ಚಿ.

ಹೋಲಿಕೆ ನ್ಯಾಯವಾಗಬೇಕಾದರೆ ಉಳಿದದ್ದೆಲ್ಲ ಒಂದೇ ಆಗಿರಬೇಕು. ನನ್ನ ಪೆಂಟಿಯಂ ಬೋರ್ಡ್ ಕೂಡ ಅಥ್ಲಾನ್‌ನದರಂತೆ ಡಿಡಿಆರ್ ಬಗೆಯ ರ‍್ಯಾಮನ್ನೇ ತೆಗೆದುಕೊಳ್ಳುತ್ತಿದ್ದುದರಿಂದ ಅವೇ ಎರಡು 512 ಎಂಬಿ ರ‍್ಯಾಮ್, ಅದೇ ಹಾರ್ಡ್‌ಡಿಸ್ಕ್ ಎರಡಕ್ಕೂ ಬದಲಾಯಿಸಿ ಹಾಕಿದೆ. ಎಕ್ಸ್‌ಪಿ ಇರುವ ಡಿಸ್ಕನ್ನು ಹಾಗೆಯೇ ಇನ್ನೊಂದು ಬೋರ್ಡಿಗೆ ಹಾಕಿದರೆ ನೀಲಿ ಪರದೆ ಬರುವ ಸಂಭವ ಹೆಚ್ಚು, ಆದ್ದರಿಂದ ಪ್ರತಿ ಸಲ ಹೊಸದಾಗಿ ಇನ್‌ಸ್ಟಾಲ್ ಮಾಡಿ.

ಕಡತ ಕುಗ್ಗಿಸುವ ತಂತ್ರಾಂಶ ಸೆವೆನ್‌ಜಿಪ್‌ನಲ್ಲೇ ಇರುವ ಬೆಂಚ್‌ಮಾರ್ಕನ್ನು, ಅಂದರೆ ವೇಗದ ಪರೀಕ್ಷೆಯನ್ನು, ಮೊದಲು ಒಂದು ಥ್ರೆಡ್ (ಕೆಲಸದ ಒಂದು ಎಳೆ), ಆಮೇಲೆ ಎರಡು ಥ್ರೆಡ್ ಇಟ್ಟು ಓಡಿಸಿ. ಪೆಂಟಿಯಂನಲ್ಲಿ ಹೈಪರ್‌ಥ್ರೆಡಿಂಗ್ (ಎರಡು ಎಳೆಗಳನ್ನು ಒಟ್ಟಿಗೆ ನಡೆಸುವ ಸೌಲಭ್ಯ) ಇರುವುದರಿಂದ ಟಾಸ್ಕ್ ಮ್ಯಾನೇಜರ್ ಎರಡು ಪ್ರೊಸೆಸರ್ ತೋರಿಸುತ್ತದೆ, ನಿಜವಾಗಿ ಕೆಲಸ ಮಾಡುವ ಕೋರ್ ಮಾತ್ರ ಒಂದೇ. ಎರಡು ಕೆಲಸ ಒಟ್ಟಿಗೆ ನಡೆಯುವಾಗ ಅದರಿಂದ ಪ್ರಯೋಜನವಿದೆ, ಅದನ್ನು ಪೆಂಟಿಯಂನ ಲೆಕ್ಕಕ್ಕೆ ಸೇರಿಸಲೇಬೇಕು. ಆದರೆ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ನಿಮ್ಮದೇ ಕೆಲಸ. ಮಾವನ ಇಡೀ ವರ್ಷದ ಖಾತೆಯನ್ನು ತೆರೆಸಿ, ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಮೂರು ಮೂರು ಸಲ ಅಳೆದೆ. ಮೂರೂ ಸಲ ಅಥ್ಲಾನ್ ಮುಂದಿತ್ತು.

ಕ್ಯಾಬಿನೆಟ್ ಮುಚ್ಚಿ ಅರ್ಧ ಗಂಟೆಯ ನಂತರ ಮತ್ತೊಮ್ಮೆ ಅಳೆಯಿರಿ. ಪೆಂಟಿಯಂ 630ಕ್ಕೆ ಇಂಟೆಲ್ ಹೇಳುವ ಶಾಖದ ಮಿತಿ 84 ವ್ಯಾಟ್, ನನ್ನ ಅಥ್ಲಾನ್‌ಗೆ ಎಎಂಡಿ ಹೇಳುವುದು 67. ಎರಡು ಕಂಪನಿಗಳ ಅಳತೆಯ ರೀತಿ ಒಂದೇ ಅಲ್ಲ, ಆದರೂ ಹಿಂಬದಿಗೆ ಕೈ ಹಿಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ತೀರಾ ಕಾದಾಗ ಪೆಂಟಿಯಂ 4 ತನ್ನನ್ನು ತಾನೇ ನಿಧಾನ ಮಾಡಿಕೊಳ್ಳುತ್ತದೆ. ನಮ್ಮ ಮೇ ತಿಂಗಳ ಸೆಖೆಯಲ್ಲಿ ಇದು ಸಣ್ಣ ಮಾತಲ್ಲ.

ಅಥ್ಲಾನ್ ಮಲ್ಪೆಗೆ ಹೋಯಿತು, ಇಂಟರ್ನೆಟ್ ತಂತಿ ಜೋಡಿಸಲಿಲ್ಲ; ಎಕ್ಸ್‌ಪಿಗೆ 2014ರಿಂದ ನಿಯಮಿತ ಭದ್ರತಾ ಅಪ್‌ಡೇಟ್ ಇಲ್ಲ. ಪೆಂಟಿಯಂ ಬಿಡಿಭಾಗವಾಗಿ ಉಳಿಯಿತು. ಅದರ ಪಿನ್‌ಗಳು ಬೋರ್ಡಿನ ಸಾಕೆಟ್‌ನಲ್ಲಿರುವುದರಿಂದ ಪ್ರೊಸೆಸರನ್ನು ಅಲ್ಲೇ ಕೂರಿಸಿ, ಲಿವರ್ ಒತ್ತಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಡಬ್ಬಿಯಲ್ಲಿಟ್ಟಿದ್ದೇನೆ.