ಕಿವಿಗೂ ಕೈಗೂ ಎಟಕುವ ತೋಟಗಾರಿಕೆ ಪಾಠ: ಆನ್‌ಲೈನ್‌ನಲ್ಲಿ ರೂಪಿಸುವುದು ಹೇಗೆ?

‘ಇಲ್ಲಿ ನೋಡಿ, ಹೀಗೆ ಕತ್ತರಿಸಿ, ಇಷ್ಟು ಮಣ್ಣು ಹಾಕಿ’ ಎಂಬ ಮಾತು ತೋಟಗಾರಿಕೆಯ ವಿಡಿಯೊಗಳಲ್ಲಿ ಪದೇ ಪದೇ ಕೇಳಿಬರುತ್ತದೆ. ಕಣ್ಣು ಕಾಣದವರಿಗೆ ಇದರಿಂದ ಏನೂ ತಿಳಿಯುವುದಿಲ್ಲ. ಕಿವಿ ಕೇಳದವರಿಗೆ ಆ ಮಾತೂ ತಲುಪುವುದಿಲ್ಲ. ಆದ್ದರಿಂದ ಪಾಠ ರೂಪಿಸುವವರು ಕ್ಯಾಮೆರಾ ಹಿಡಿಯುವ ಮೊದಲು ಬರೆಯಲು ಕೂರಬೇಕು.

ಮೊದಲಿಗೆ ಒಂದೇ ಒಂದು ಕೆಲಸವನ್ನು ಆರಿಸಿಕೊಳ್ಳಿ. ಮಕ್ಕಳಿಗೆ ಮೆಂತ್ಯ ಒಳ್ಳೆಯದು. ಬೀಜ ಅಡುಗೆಮನೆಯ ಡಬ್ಬಿಯಲ್ಲೇ ಸಿಗುತ್ತದೆ; ರಾತ್ರಿ ನೆನೆಸಿ ಬಿತ್ತಿದರೆ ನಾಲ್ಕೈದು ದಿನಗಳಲ್ಲಿ ಮೊಳಕೆ ಮೇಲೇಳುತ್ತದೆ, ಮೂರು ನಾಲ್ಕು ವಾರಗಳಲ್ಲಿ ಸೊಪ್ಪು ಕೈಗೆ ಬರುತ್ತದೆ. ಚಾಕು ಹಿಡಿಯುವ ಪ್ರಸಂಗವೂ ಇಲ್ಲ. ವಯಸ್ಕರಿಗಾದರೆ ಸೀಬೆಯ ಗೂಟಿ ಕಸಿಯಂಥ (ರೆಂಬೆ ಗಿಡದಲ್ಲಿರುವಾಗಲೇ ಅದರಲ್ಲಿ ಬೇರು ಬರಿಸಿ ಹೊಸ ಸಸಿ ಪಡೆಯುವ ವಿಧಾನ), ನಾಳೆ ನಾಲ್ಕು ಕಾಸು ತರಬಲ್ಲ ಪಾಠ ಬೇಕು.

ಅನಂತರ ಪ್ರತಿ ಹಂತವನ್ನೂ ಬೆರಳಿಗೆ ತಿಳಿಯುವ ಮಾತಿನಲ್ಲಿ ಬರೆಯಿರಿ. ಇಡೀ ಪಾಠ ನಿಂತಿರುವುದು ಇದರ ಮೇಲೆಯೇ. ಗೂಟಿಯ ಪಾಠವಾದರೆ ಹೀಗೆ: ‘ಪೆನ್ಸಿಲ್ ದಪ್ಪದ, ಒಂದು ವರ್ಷ ಬಲಿತ ರೆಂಬೆಯನ್ನು ಹುಡುಕಿ. ಗಿಣ್ಣಿನ ಕೆಳಗೆ ಸುಮಾರು 2.5 ಸೆಂಟಿಮೀಟರ್, ಅಂದರೆ ಹೆಬ್ಬೆರಳ ಅಗಲದಷ್ಟು ತೊಗಟೆಯನ್ನು ಉಂಗುರದಂತೆ ಬಿಡಿಸಿ. ಆ ಜಾಗ ಬೆರಳಿಗೆ ಜಾರುತ್ತದೆ. ಜಾರುವಿಕೆ ಹೋಗುವವರೆಗೆ ಕೆರೆದು, ಒದ್ದೆ ಪಾಚಿಯನ್ನು ಸುತ್ತಿ, ಅದರ ಮೇಲೆ ಪಾಲಿಥೀನ್ ಹಾಳೆಯನ್ನು ಬಿಗಿಯಾಗಿ ಕಟ್ಟಿ.’ ಎಲೆಗಳು ತಯಾರಿಸಿದ ಆಹಾರ ತೊಗಟೆಯಿಲ್ಲದೆ ಕೆಳಗಿಳಿಯಲಾರದೆ ಉಂಗುರದ ಮೇಲಂಚಿನಲ್ಲಿ ತಂಗುವುದರಿಂದಲೇ ಅಲ್ಲಿ ಬೇರೊಡೆಯುತ್ತದೆ ಎಂಬ ಕಾರಣವನ್ನೂ ಹೇಳಿ. ಕಾರಣ ಗೊತ್ತಿದ್ದವರು ಕೆರೆಯುವ ಕೆಲಸವನ್ನು ಅರ್ಧಕ್ಕೆ ಬಿಡುವುದಿಲ್ಲ. ಹಾಳೆಯೊಳಗೆ ಬೇರು ಮೂಡಿದೆಯೇ ಎಂದು ನೋಡಲು ಕಣ್ಣಿನ ನೆರವು ಬೇಕಾಗುತ್ತದೆ. ಅದನ್ನು ಮುಚ್ಚಿಡದೆ ಪಾಠದ ಆರಂಭದಲ್ಲೇ ತಿಳಿಸುವುದು ಗೌರವದ ನಡೆ.

ಪಠ್ಯವನ್ನು ಯುನಿಕೋಡ್‌ನಲ್ಲೇ, ಅಂದರೆ ಕಂಪ್ಯೂಟರ್, ಫೋನುಗಳು ಕನ್ನಡವೆಂದೇ ಗುರುತಿಸುವ ಅಕ್ಷರ ಸಂಕೇತದಲ್ಲೇ ಟೈಪ್ ಮಾಡಿ. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿರುವ ಬರಹವನ್ನು ಎನ್‌ವಿಡಿಎ, ಟಾಕ್‌ಬ್ಯಾಕ್‌ನಂಥ ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ತಂತ್ರಾಂಶಗಳು ಕನ್ನಡವೆಂದು ಗುರುತಿಸಲಾರವು. ಅವುಗಳ ಪಾಲಿಗೆ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಚಿತ್ರವಾಗಿ ಹಾಕಿದ ಅಕ್ಷರಗಳ ಪಾಡೂ ಹೆಚ್ಚು ಕಡಿಮೆ ಅದೇ. ಪ್ರತಿ ಚಿತ್ರಕ್ಕೂ ಒಂದೆರಡು ವಾಕ್ಯಗಳ ವಿವರಣೆ ಇರಲಿ, ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1ರಷ್ಟು ಕಾಂಟ್ರಾಸ್ಟ್, ಅಂದರೆ ತಿಳಿ-ಗಾಢದ ವ್ಯತ್ಯಾಸವಿರಲಿ. ‘ಟೊಮೆಟೊ ಕೆಂಪಾದಾಗ ಕೊಯ್ಯಿರಿ’ ಎಂಬುದು ಕೆಂಪು, ಹಸಿರನ್ನು ಬೇರ್ಪಡಿಸಿ ಕಾಣಲಾರದವರಿಗೆ ಸಾಲದು. ಒತ್ತಿದರೆ ತುಸು ಮೆತ್ತಗಿರಬೇಕು ಎಂದೂ ಸೇರಿಸಿ.

ವಿಡಿಯೊಗೆ ಕನ್ನಡ ಅಡಿಬರಹವನ್ನು ನೀವೇ ಬರೆದು ಹಾಕಿ, ಸಾಧ್ಯವಾದರೆ ಭಾರತೀಯ ಸಂಜ್ಞೆ ಭಾಷೆ ಬಲ್ಲವರನ್ನು ಕರೆಸಿ. ಸೀಬೆ ಎಂದಾಗ ಪೇರಲ, ಪೇರಳೆ ಎಂಬ ಹೆಸರುಗಳನ್ನೂ ಒಮ್ಮೆ ಹೇಳಿಬಿಡಿ. ಡೇಟಾ ಕಡಿಮೆ ಇರುವವರಿಗಾಗಿ ಅದೇ ಪಾಠದ ಧ್ವನಿಮುದ್ರಣವನ್ನು ಬೇರೆಯಾಗಿ ಕೊಡಿ. ತಾಂತ್ರಿಕ ವಿವರಗಳನ್ನು ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ತೋರಿಸಿಕೊಂಡು ಬನ್ನಿ.

ಪಾಠವನ್ನು ಪ್ರಕಟಿಸುವ ಮುನ್ನ ದೃಷ್ಟಿಯಿಲ್ಲದ ಒಬ್ಬ ಕಲಿಕಾರ್ಥಿಗೆ ಅದನ್ನು ಕೇಳಿಸಿ, ಕುಂಡ ಮತ್ತು ಮಣ್ಣನ್ನು ಅವರ ಮುಂದಿಟ್ಟು, ನೀವು ಬಾಯಿ ಬಿಡದೆ ಪಕ್ಕದಲ್ಲಿ ಕುಳಿತಿರಿ. ಅವರ ಕೈ ಯಾವ ವಾಕ್ಯದ ಬಳಿ ತಡೆದು ನಿಲ್ಲುತ್ತದೆಯೋ ಆ ವಾಕ್ಯವನ್ನು ಅವರನ್ನೇ ಕೇಳಿ ತಿದ್ದಿ, ಮತ್ತೆ ಧ್ವನಿಮುದ್ರಿಸಿ.